ಎಪ್ಪತ್ತೆರಡು ಗಂಟೆ ಕಾಯದೆ ಕೊಟ್ಟುಬಿಟ್ಟ ಖಾತೆ

ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಕುರ್ಚಿಯಲ್ಲಿ ಕುಳಿತಾಗ ನನ್ನ ಸರದಿಗೆ ಬಂದ ಮೊದಲ ಟಿಕೆಟ್ ಕನ್ನಡದಲ್ಲಿತ್ತು. ನಮ್ಮಲ್ಲಿ ಬರುವ ಒಂದೊಂದು ದೂರನ್ನೂ ಟಿಕೆಟ್ ಎಂದು ಕರೆಯುತ್ತಾರೆ. ಪುತ್ತೂರಿನ ದರ್ಬೆಯ ಕಡೆ ಒಂದು ಕಟ್ಟಡ. ಕೆಳಗೆ ಟೈಲ್ಸ್ ಅಂಗಡಿ, ಎರಡನೇ ಮಹಡಿಯಲ್ಲಿ ನಾವು ಹದಿನೆಂಟು ಜನ. ಹೊರದೇಶದ ಕಂಪನಿಯೊಂದರ ಆನ್‌ಲೈನ್ ಆಟವನ್ನು ಆಡುವವರು ಕಳಿಸುವ ದೂರುಗಳನ್ನು ಓದಿ ಉತ್ತರ ಬರೆಯುವುದು ನಮ್ಮ ಕೆಲಸ. ನಾವು ಎಲ್ಲಿ ಕುಳಿತಿದ್ದೇವೆಂದು ದೂರು ಕೊಟ್ಟವರಿಗೆ ತಿಳಿಯುವುದಿಲ್ಲ, ನಾವು ಹೇಳುವಂತೆಯೂ ಇಲ್ಲ. ಹಿಂದಿ, ಮಲಯಾಳಂ, ಇಂಗ್ಲಿಷ್ ಟಿಕೆಟ್‌ಗಳೇ ಹೆಚ್ಚು. ಕನ್ನಡದ್ದು ವಾರಕ್ಕೆ ನಾಲ್ಕೈದು ಬಂದರೆ ದೊಡ್ಡದು.

ನನ್ನದು ಖಾತೆ ಮರಳಿಸುವ ವಿಭಾಗ. ಆಡುವವರು ಪಾಸ್‌ವರ್ಡ್ ಮರೆಯುತ್ತಾರೆ, ಫೋನ್ ಕಳೆದುಕೊಳ್ಳುತ್ತಾರೆ, ಯಾರದೋ ಮಾತು ನಂಬಿ ಖಾತೆಯನ್ನೇ ಕಳೆದುಕೊಳ್ಳುತ್ತಾರೆ. ಖಾತೆ ಕೇಳಿಕೊಂಡು ಬಂದವರು ನಿಜವಾದ ಮಾಲೀಕರೇ ಎಂದು ನಾನು ಪರೀಕ್ಷಿಸಬೇಕು. ಅದಕ್ಕೆ ಏಳು ಪ್ರಶ್ನೆಗಳಿವೆ. ಖಾತೆ ತೆರೆದ ತಿಂಗಳು ಯಾವುದು, ಮೊದಲು ಆಡಿದ ಫೋನ್ ಯಾವುದು, ಆಗ ಇದ್ದ ಊರು ಯಾವುದು, ಹಿಂದೆ ಇಟ್ಟುಕೊಂಡಿದ್ದ ಹೆಸರುಗಳು, ಮೊದಲ ಖರೀದಿಯ ಬಿಲ್‌ನಲ್ಲಿರುವ ಸಂಖ್ಯೆ, ಖಾತೆಗೆ ಜೋಡಿಸಿದ ಮೇಲ್, ತಂಡದ ಇಬ್ಬರ ಹೆಸರು. ಐದು ಸರಿಯಾದರೆ ಪಾಸು. ಹಳೆಯ ಮೇಲ್ ಕೂಡ ಕೈತಪ್ಪಿದೆ ಎಂದರೆ ಹೊಸ ಮೇಲ್ ಜೋಡಿಸಬಹುದು, ಆದರೆ ಅದು ಜಾರಿಗೆ ಬರಲು ಎಪ್ಪತ್ತೆರಡು ಗಂಟೆ ಕಾಯಬೇಕು. ಅಷ್ಟರಲ್ಲಿ ಹಳೆಯ ಮೇಲ್‌ಗೆ ಸೂಚನೆ ಹೋಗಿರುತ್ತದೆ. ನಿಜವಾದ ಮಾಲೀಕರು ಬೇರೆ ಎಲ್ಲಾದರೂ ಇದ್ದರೆ ಅದನ್ನು ನೋಡಿ ತಡೆಯಬಹುದು. ಈ ಕಾಯುವಿಕೆಯನ್ನು ಬಿಟ್ಟುಬಿಡಲು ನಮ್ಮ ಪರದೆಯ ಮೂಲೆಯಲ್ಲಿ ಒಂದು ಬಟನ್ ಇತ್ತು. ವಿಶೇಷ ಸಂದರ್ಭಗಳಿಗೆ ಮಾತ್ರ ಎಂದು ತರಬೇತಿಯಲ್ಲಿ ಹೇಳಿದ್ದರು. ಯಾವುದು ವಿಶೇಷ ಎಂದು ಹೇಳಿರಲಿಲ್ಲ.

ಆ ದಿನದ ಟಿಕೆಟ್‌ನಲ್ಲಿ ಹೀಗೆ ಬರೆದಿತ್ತು: ಹಳೆಯ ಮೇಲ್‌ನ ಪಾಸ್‌ವರ್ಡ್ ಮರೆತುಹೋಗಿದೆ, ನಾಳೆ ಸಂಜೆ ನಮ್ಮ ತಂಡದ ಪಂದ್ಯ ಇದೆ, ಮೂವತ್ತೆರಡು ಜನ ನನ್ನನ್ನೇ ನಂಬಿಕೊಂಡಿದ್ದಾರೆ, ದಯವಿಟ್ಟು ಬೇಗ ಮಾಡಿಕೊಡಿ. ಏಳರಲ್ಲಿ ಆರು ಉತ್ತರ ಸರಿ. ಆರು ವರ್ಷ ಹಳೆಯ ಬಿಲ್‌ನ ಚಿತ್ರವನ್ನೂ ಲಗತ್ತಿಸಿದ್ದರು. ವಿನಂತಿ ಬಂದ ಊರು ಮಾತ್ರ ಆ ಖಾತೆಯ ಚರಿತ್ರೆಯಲ್ಲಿ ಹಿಂದೆಂದೂ ಕಾಣಿಸಿಕೊಂಡದ್ದಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಜನ ಊರೂರು ತಿರುಗುತ್ತಾರಲ್ಲ ಎಂದುಕೊಂಡೆ. ಅಷ್ಟು ಅಚ್ಚುಕಟ್ಟಾಗಿ, ಅಷ್ಟು ವಿನಯದಿಂದ ಕನ್ನಡದಲ್ಲಿ ಬರೆದವರಿಗೆ ಮೂರು ದಿನ ಕಾಯಿರಿ ಎನ್ನಲು ಮನಸ್ಸಾಗಲಿಲ್ಲ. ಬಟನ್ ಒತ್ತಿದೆ. ಪಂದ್ಯಕ್ಕೆ ಶುಭವಾಗಲಿ ಎಂದೂ ಬರೆದೆ. ಮೂರು ಗಂಟೆ ಹತ್ತು ನಿಮಿಷವಾಗಿತ್ತು. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮುಂದಿನ ಟಿಕೆಟ್ ತೆಗೆದೆ.

ಶನಿವಾರ ನನಗೆ ತಪಾಸಣೆಯ ಕೆಲಸವಿತ್ತು. ಯಂತ್ರ ತಾನಾಗಿಯೇ ಮುಚ್ಚಿದ ದೂರುಗಳಿಂದ ಹತ್ತನ್ನು ತೆಗೆದು, ಮುಚ್ಚಿದ್ದು ಸರಿಯೇ ಎಂದು ನೋಡುವುದು. ಒಂದು ಕನ್ನಡದಲ್ಲಿದ್ದುದರಿಂದ ಅದನ್ನೇ ಮೊದಲು ತೆರೆದೆ.

"ನನ್ನ ಖಾತೆ ಹೋಗಿ ನಾಲ್ಕು ದಿನ ಆಯ್ತು. ಮೂರು ಸಲ ಬರೆದೆ. ಮೂರು ಸಲವೂ ನಿಮ್ಮ ಖಾತೆ ನಿಮ್ಮ ಕೈಯಲ್ಲೇ ಇದೆ ಅಂತ ಉತ್ತರ ಬಂತು. ಯಾರ ಕೈಯಲ್ಲಿ ಉಂಟು ಅಂತ ಒಂದು ಸಲ ಮನುಷ್ಯರು ನೋಡಿ. ನನಗೆ ಪೊಲೀಸ್ ಸ್ಟೇಷನ್ನಿಂದ ಫೋನ್ ಬಂದಿದೆ."

ಖಾತೆಯ ಚರಿತ್ರೆ ತೆರೆದೆ. ಮಂಗಳವಾರ, ಮೂರು ಹತ್ತು, ಮೇಲ್ ಬದಲಾವಣೆ, ಕಾಯುವ ಅವಧಿ ರದ್ದು. ಮಾಡಿದವರ ಕಾಲಂನಲ್ಲಿ ನನ್ನ ನೌಕರಿ ಸಂಖ್ಯೆ ಇತ್ತು. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕಾರ್ಡನ್ನು ತಿರುಗಿಸಿ ಅಂಕಿ ಅಂಕಿ ಹೋಲಿಸಿ ನೋಡಿದೆ. ದಿನಾ ಬರೆಯುವ ಸಂಖ್ಯೆ ಅದು, ಹೋಲಿಸಬೇಕಾದ ಅಗತ್ಯವೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು ಖಾತೆಯನ್ನು ತಡೆಹಿಡಿಯುವುದು. ಇಪ್ಪತ್ತನಾಲ್ಕು ಗಂಟೆಯ ತಡೆ ಹಾಕುವ ಅಧಿಕಾರ ನಮಗಿದೆ. ಅದನ್ನು ಹಾಕಿ, ಮಂಗಳವಾರದಿಂದ ಆ ಖಾತೆಯಿಂದ ಹೋದ ಸಂದೇಶಗಳನ್ನು ಓದಿದೆ. ಮೂರು ನಲವತ್ತಕ್ಕೇ ಶುರುವಾಗಿತ್ತು. ತಂಡದ ಎಲ್ಲರಿಗೂ ಒಂದೇ ಒಕ್ಕಣೆ: ಪಂದ್ಯಕ್ಕೆ ನೋಂದಣಿ ಮಾಡುತ್ತಿದ್ದೇನೆ, ನಿಮ್ಮ ಫೋನಿಗೆ ಒಂದು ಕೋಡ್ ಬರುತ್ತದೆ, ಅದನ್ನು ನನಗೆ ಕಳಿಸಿ. ಹೆಚ್ಚಿನವರು ಉತ್ತರಿಸಿರಲಿಲ್ಲ. ಐದು ಜನ ಕೋಡ್ ಕಳಿಸಿದ್ದರು. ಐವರ ಖಾತೆಗಳೂ ಅದೇ ದಿನ ಹೋಗಿದ್ದವು. ಅವರಲ್ಲಿ ಒಬ್ಬಳು ಹಾಸನದ ಕಡೆಯ ಕಾಲೇಜು ಹುಡುಗಿ. ಅವಳ ಖಾತೆಗೆ ತಂದೆಯ ಕಾರ್ಡ್ ಜೋಡಿಸಿತ್ತು, ಅದರಿಂದಲೂ ಖರೀದಿ ನಡೆದಿತ್ತು.

ಏನಾಯಿತೆಂದು ವಿವರವಾಗಿ ಬರೆಯಿರಿ ಎಂದು ದೂರು ಕೊಟ್ಟವರನ್ನು ಕೇಳಿದೆ. ಅವರ ಉತ್ತರ ಅರ್ಧ ಗಂಟೆಯಲ್ಲಿ ಬಂತು. ಉದ್ದವಾಗಿತ್ತು, ಎಲ್ಲಿಯೂ ಗೋಳಾಟವಿರಲಿಲ್ಲ. ಸುಬ್ರಹ್ಮಣ್ಯದ ಒಂದು ಲಾಡ್ಜಿನ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಗಸು ಅವರು. ವಯಸ್ಸು ನಲವತ್ತಮೂರು, ಮನೆ ಕಡಬದ ಹತ್ತಿರ. ಬೆಳಗ್ಗೆ ಪೂಜೆ ಮುಗಿಸಿದವರು ರೂಮು ಬಿಟ್ಟುಹೋದ ಮೇಲೆ ಸಂಜೆಯ ಬಸ್ಸುಗಳು ಬರುವವರೆಗೆ ಕೌಂಟರಿನಲ್ಲಿ ಕೆಲಸವಿರುವುದಿಲ್ಲ. ಆ ಹೊತ್ತಿನಲ್ಲಿ ಆರು ವರ್ಷದ ಹಿಂದೆ ಶುರುವಾದದ್ದು ಈ ಆಟ. ತಂಡ ಕಟ್ಟಿ ಯುದ್ಧ ಮಾಡುವ ಆಟವಾದ್ದರಿಂದ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬರಿಗೊಬ್ಬರು ಮಾತಾಡಬೇಕು. ರಾಜ್ಯದ ಎಲ್ಲೆಲ್ಲಿಯವರೋ ಸೇರಿ ಮೂವತ್ತೆರಡು ಜನ. ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಇವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಖಾತೆ ಕದ್ದವನು ಎಂಟು ತಿಂಗಳಿಂದ ಅದೇ ತಂಡದಲ್ಲಿದ್ದ. ಒಳ್ಳೆಯ ಆಟಗಾರ, ಸೋಲುವ ಪಂದ್ಯದಲ್ಲೂ ಅಕ್ಕನನ್ನು ಬಿಟ್ಟು ಓಡಿದವನಲ್ಲ. ತಂಡದ ಗುಂಪಿನಲ್ಲಿ ಅವನು ಹಳೆಯ ಆಟಗಾರರ ಸ್ಪರ್ಧೆ ಎಂದು ಒಂದನ್ನು ಶುರುಮಾಡಿದ. ಯಾರು ಎಲ್ಲರಿಗಿಂತ ಮೊದಲು ಸೇರಿದ್ದು, ಆಗ ಯಾವ ಫೋನಿತ್ತು, ಮೊದಲ ಬಿಲ್ ಯಾರ ಹತ್ತಿರ ಇನ್ನೂ ಇದೆ. ಅಕ್ಕ ಹಳೆಯ ಮೇಲ್‌ಗಳಲ್ಲಿ ಹುಡುಕಿ ಬಿಲ್‌ನ ಚಿತ್ರ ಕಳಿಸಿದರು. ಗೆದ್ದದ್ದು ಅಕ್ಕನೇ ಎಂದು ಅವನು ಘೋಷಿಸಿದ. ನಮ್ಮ ಏಳು ಪ್ರಶ್ನೆಗಳಲ್ಲಿ ಆರಕ್ಕೆ ಉತ್ತರ ಅವನಿಗೆ ಸಿಕ್ಕಿದ್ದು ಹಾಗೆ. ಹಳೆಯ ಮೇಲ್‌ಗೆ ನಮ್ಮ ಸೂಚನೆ ಬಂದದ್ದನ್ನು ಅಕ್ಕ ಬುಧವಾರ ಬೆಳಗ್ಗೆ ನೋಡಿದ್ದರು. ಮೂರು ದಿನದ ಅವಕಾಶವಿದ್ದಿದ್ದರೆ ಅಷ್ಟು ಬೇಗ ನೋಡಿದ್ದು ಬೇಕಾದಷ್ಟಾಗುತ್ತಿತ್ತು.

ಹಾಸನದ ಹುಡುಗಿಯ ತಂದೆ ಪೊಲೀಸರಿಗೆ ದೂರು ಕೊಟ್ಟಿದ್ದರು. ತಂಡದ ವಾಟ್ಸಾಪ್ ಗುಂಪಿನಲ್ಲಿ ಅಕ್ಕನ ನಂಬರ್ ಇತ್ತು. ಹಾಗಾಗಿ ದೂರಿನಲ್ಲಿ ಹೋದದ್ದು ಅಕ್ಕನ ಹೆಸರು. ಸುಬ್ರಹ್ಮಣ್ಯದ ಠಾಣೆಯಿಂದ ಫೋನ್ ಬಂದಾಗ ಅಕ್ಕ ಕೌಂಟರಿನಲ್ಲಿದ್ದರು, ಲಾಡ್ಜಿನ ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಅವರು ಬೈಯಲಿಲ್ಲವಂತೆ. ದೇವಸ್ಥಾನಕ್ಕೆ ಬರುವವರು ದುಡ್ಡು, ಆಧಾರ್ ಕಾರ್ಡು ಎಲ್ಲ ಕೌಂಟರಿನಲ್ಲೇ ಕೊಡುತ್ತಾರೆ, ವಿಷಯ ತೀರ್ಮಾನವಾಗುವವರೆಗೆ ಬರುವುದು ಬೇಡ ಎಂದರಂತೆ. ಗಾಬರಿಯಲ್ಲಿ ಅಕ್ಕ ಇನ್ನೊಂದು ಕೆಲಸ ಮಾಡಿದ್ದರು. ಗುಂಪಿನಲ್ಲಿ ಆ ಕಳ್ಳನ ಜೊತೆ ಮಾತಾಡಿದ್ದನ್ನೆಲ್ಲ ತಮ್ಮ ಫೋನಿನಿಂದ ಅಳಿಸಿಹಾಕಿದ್ದರು.

ಅಂದೇ ಟೀಮ್ ಲೀಡರ್ ಬಳಿ ಹೋದೆ. ಕಾಸರಗೋಡಿನವರು. ಈ ಕೇಂದ್ರ ಶುರುವಾದಾಗ ಇದ್ದ ನಾಲ್ಕು ಕುರ್ಚಿಗಳಲ್ಲಿ ಒಂದು ಅವರದು. ಎಲ್ಲವನ್ನೂ ಕೇಳಿಸಿಕೊಂಡು ಬಾಗಿಲು ಮುಚ್ಚಿದರು.

"ಖಾತೆ ಅವರಿಗೆ ವಾಪಸ್ ಕೊಟ್ಟುಬಿಡುವ. ಅವರಿಗೆ ಬೇಕಾದ್ದೂ ಅದೇ ಅಲ್ವಾ? ಇದನ್ನು ಮೇಲೆ ಬರೆದ್ರೆ ಎಂತ ಆಗ್ತದೆ ನಿಮಗೆ ಗೊತ್ತುಂಟು. ಬರುವ ತಿಂಗಳು ನಮ್ಮ ಒಪ್ಪಂದ ಮುಗಿಯುದು. ನಿಮ್ಮ ಒಬ್ಬರ ಕೆಲಸದ ಪ್ರಶ್ನೆ ಅಲ್ಲ ಮಾರಾಯ್ರೆ, ಹದಿನೆಂಟು ಜನದ್ದು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೋಮವಾರ ಹಾಗೆಯೇ ಮಾಡುವುದೆಂದು ಒಪ್ಪಿ ತಡೆಯನ್ನು ಇನ್ನೆರಡು ದಿನ ಮುಂದುವರಿಸಿದೆವು. ಮನೆಗೆ ಹೋಗುವ ನರಿಮೊಗರಿನ ಬಸ್ಸಿನಲ್ಲಿ ಕುಳಿತಾಗ ನನಗೆ ನಿಜಕ್ಕೂ ಹಗುರವೆನಿಸಿತು. ಖಾತೆ ಹೋದವರಿಗೆ ಖಾತೆ ಸಿಗುತ್ತದೆ, ಇನ್ನೇನು?

ಭಾನುವಾರ ಬೆಳಗ್ಗೆ ಬಟ್ಟೆ ಒಗೆಯುತ್ತಿದ್ದಾಗ ಆ ಸಮಾಧಾನ ಕೆಟ್ಟಿತು. ಅಕ್ಕನ ಪತ್ರದಲ್ಲಿ ಪೊಲೀಸ್ ಎಂಬ ಮಾತಿತ್ತು. ಪೊಲೀಸರು ಇವತ್ತಲ್ಲ ನಾಳೆ ಕಂಪನಿಗೆ ಬರೆಯುತ್ತಾರೆ. ಕಂಪನಿ ತನ್ನ ದಾಖಲೆ ತೆಗೆದು ಕೊಡುತ್ತದೆ. ಆ ದಾಖಲೆ ಹೇಗೆ ಕಾಣಿಸುತ್ತದೆ? ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ಹಾಳೆಯಲ್ಲಿ ಬರೆದು ನೋಡಿದೆ. ಮಂಗಳವಾರ ಮೂರು ಹತ್ತು, ಮಾಲೀಕರು ಪುರಾವೆ ಕೊಟ್ಟು ಖಾತೆ ಮರಳಿ ಪಡೆದರು. ಮೂರು ನಲವತ್ತು, ತಂಡದ ಎಲ್ಲರಿಗೂ ಸಂದೇಶ. ಶನಿವಾರ, ತಾತ್ಕಾಲಿಕ ತಡೆ. ಸೋಮವಾರ, ಮಾಲೀಕರ ಕೋರಿಕೆಯ ಮೇರೆಗೆ ತಡೆ ತೆರವು. ಇದನ್ನು ಓದಿದ ಯಾರಿಗಾದರೂ ಮೊದಲಿನಿಂದ ಕೊನೆಯವರೆಗೆ ಕಾಣುವುದು ಒಬ್ಬಳೇ ಹೆಂಗಸು. ಕಂಪನಿ ಒಂದಕ್ಷರ ಸುಳ್ಳು ಹೇಳದೆ ಉತ್ತರ ಕೊಟ್ಟರೂ ಆ ಉತ್ತರ ಅಕ್ಕನನ್ನೇ ಕಳ್ಳಿ ಎಂದು ತೋರಿಸುತ್ತಿತ್ತು. ಮಂಗಳವಾರ ಖಾತೆ ಪಡೆದವನು ಬೇರೆ ಎಂದು ಹೇಳಬಲ್ಲ ಸಾಲು ಒಂದೇ. ಆ ಸಾಲನ್ನು ಬರೆಯಬೇಕಾದವಳು ನಾನು.

ಸೋಮವಾರ ಒಂದು ಗಂಟೆ ಮೊದಲೇ ಹೋಗಿ ಘಟನಾ ವರದಿ ಸಿದ್ಧಪಡಿಸಿದೆ. ಕಳಿಸುವ ಮೊದಲು ಟೀಮ್ ಲೀಡರ್‌ಗೆ ತೋರಿಸಿದೆ. ಅವರು ಕುಳಿತುಕೊಳ್ಳದೆ ಓದಿದರು, ಆಮೇಲೆ ಕುಳಿತು ಇನ್ನೊಮ್ಮೆ ಓದಿದರು. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ.

"ಇಲ್ಲಿ 'ಕಾಯುವ ಅವಧಿ ರದ್ದಾಗಿದೆ' ಅಂತ ಬರೆದಿದ್ದೀರಿ. ಅದು ತನ್ನಷ್ಟಕ್ಕೇ ರದ್ದಾದದ್ದಾ? 'ನಾನು ರದ್ದು ಮಾಡಿದೆ' ಅಂತ ಬರೆಯಿರಿ. ಬರೆಯುದಾದ್ರೆ ಸರಿಯಾಗಿ ಬರೆಯುವ. ಕೆಳಗೆ ನನ್ನ ಹೆಸರೂ ಹಾಕಿ, ಶನಿವಾರವೇ ನನಗೆ ಗೊತ್ತಾಗಿದೆ."

ತಿದ್ದಿ ಕಳಿಸಿದೆ. ಮಧ್ಯಾಹ್ನದೊಳಗೆ ನನ್ನನ್ನು ಖಾತೆ ಮರಳಿಸುವ ವಿಭಾಗದಿಂದ ತೆಗೆದರು. ಆಟದೊಳಗಿನ ದೋಷಗಳ ದೂರು ನೋಡುವ ಕುರ್ಚಿ ಕೊಟ್ಟರು. ನನ್ನ ಸೈನಿಕ ಗೋಡೆಯೊಳಗೆ ಸಿಕ್ಕಿಹಾಕಿಕೊಂಡಿದ್ದಾನೆ, ನನ್ನ ಕುದುರೆ ನೀರಿನ ಮೇಲೆ ನಡೆಯುತ್ತಿದೆ ಎಂಬಂಥವು. ಆದರೆ ಈ ಒಂದು ಟಿಕೆಟನ್ನು ಟೀಮ್ ಲೀಡರ್ ಜೊತೆ ಸೇರಿ ಮುಗಿಸಲು ಒಪ್ಪಿದರು.

ಅಕ್ಕನಿಗೆ ಆ ದಿನ ಬರೆದದ್ದು ಮುಖ್ಯವಾಗಿ ಮೂರು ವಿಷಯ. ನಿಮ್ಮ ಮೇಲೆ ದೂರು ಬಂದಿದೆ ಎಂದು ಸುಮ್ಮನಿರಬೇಡಿ, ಮೋಸ ಹೋದವರಾಗಿ ನೀವೇ ಸೈಬರ್ ವಂಚನೆಯ ಸರ್ಕಾರಿ ಜಾಲತಾಣದಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಠಾಣೆಗೆ ಕೊಡಿ. ಇನ್ನು ಮುಂದೆ ಒಂದು ಸಂದೇಶವನ್ನೂ ಅಳಿಸಬೇಡಿ. ಅಳಿಸಿಹೋದದ್ದು ತಂಡದ ಬೇರೆ ಯಾರ ಫೋನಿನಲ್ಲಾದರೂ ಇದ್ದೇ ಇರುತ್ತದೆ, ದಿನಾಂಕ ಮತ್ತು ಸಮಯ ಕಾಣುವಂತೆ ಅದರ ಚಿತ್ರ ತರಿಸಿಕೊಳ್ಳಿ.

ಕೊನೆಯದು ನಾನು ಬರೆದಷ್ಟು ಸುಲಭವಿರಲಿಲ್ಲ. ತಂಡದಲ್ಲಿ ಅರ್ಧಕ್ಕರ್ಧ ಜನ ಅಕ್ಕನ ನಂಬರನ್ನೇ ಬ್ಲಾಕ್ ಮಾಡಿದ್ದರು. ಉಳಿದವರಲ್ಲಿ ಕೆಲವರು ಓದಿಯೂ ಉತ್ತರಿಸಲಿಲ್ಲ. ಆರು ವರ್ಷ ದಿನಾ ಅಕ್ಕ ಅಕ್ಕ ಎನ್ನುತ್ತಿದ್ದವರನ್ನು ಒಬ್ಬೊಬ್ಬರಾಗಿ ಕೇಳಬೇಕಾಯಿತು. ಐದನೆಯ ದಿನ ಹಳೆಯ ಆಟಗಾರರ ಸ್ಪರ್ಧೆಯ ಪೂರ್ತಿ ಸಂದೇಶಗಳ ಹನ್ನೊಂದು ಚಿತ್ರಗಳು ಬಂದವು. ಕಳಿಸಿದವಳು ಹಾಸನದ ಹುಡುಗಿ, ತಂದೆಗೆ ತಿಳಿಯದಂತೆ. ಜೊತೆಗೆ ಒಂದು ಮಾತೂ ಬರೆದಿರಲಿಲ್ಲವಂತೆ.

ಇಷ್ಟರಲ್ಲಿ ಮೇಲಿನಿಂದ ಉತ್ತರ ಬಂತು. ವಂಚನೆಗೆ ಬಳಕೆಯಾದ ಖಾತೆಯಾದ್ದರಿಂದ ನಿಯಮದಂತೆ ಶಾಶ್ವತವಾಗಿ ಮುಚ್ಚಲಾಗಿದೆ. ಟೀಮ್ ಲೀಡರ್ ಮೇಲ್ಮನವಿ ಬರೆದರು. ಅದಕ್ಕೆ ಬಂದ ಉತ್ತರ ಇನ್ನೂ ಕಠಿಣ, ಆದರೆ ನ್ಯಾಯವಾದದ್ದು. ಈ ಹೆಂಗಸೇ ಮಾಲೀಕರು ಎನ್ನುವುದಕ್ಕೆ ನೀವು ಕೊಟ್ಟ ಪುರಾವೆಗಳೆಲ್ಲ ಕಳ್ಳನ ಬಳಿಯೂ ಇವೆ. ಮೊದಲ ಸಲ ಕೊಟ್ಟದ್ದು ತಪ್ಪು ಎನ್ನುತ್ತೀರಿ, ಈ ಸಲ ಕೊಡುವುದು ಸರಿ ಎಂದು ಹೇಗೆ ನಂಬುವುದು? ಕಳ್ಳನ ಬಳಿ ಇರಲು ಸಾಧ್ಯವೇ ಇಲ್ಲದ್ದು ಏನಾದರೂ ಇದ್ದರೆ ತೋರಿಸಿ.

ಅದು ಯಾವುದೆಂದು ನಾವಿಬ್ಬರೂ ಒಂದಿಡೀ ಮಧ್ಯಾಹ್ನ ಯೋಚಿಸಿದೆವು. ಆಟವನ್ನು ಒಂದು ಫೋನಿಗೆ ಮೊದಲ ಸಲ ಇಳಿಸಿದಾಗ ಆ ಫೋನಿಗೆಂದೇ ಒಂದು ಉದ್ದದ ಗುರುತು ಸಂಖ್ಯೆ ಹುಟ್ಟುತ್ತದೆ. ಆಡುವವರು ಅದನ್ನು ಗಮನಿಸುವುದಿಲ್ಲ, ಆದರೆ ಆಟ ತೆರೆದಾಗ ಪರದೆಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಾಣಿಸುತ್ತದೆ. ಕಂಪನಿಯ ದಾಖಲೆಯಲ್ಲಿ ಖಾತೆ ಹುಟ್ಟಿದ ದಿನದಿಂದ ಅದು ಇರುತ್ತದೆ. ಕಳ್ಳನಿಗೆ ಮೊದಲ ಫೋನಿನ ಹೆಸರು ಗೊತ್ತಿತ್ತು. ಫೋನು ಅವನ ಕೈಯಲ್ಲಿರಲಿಲ್ಲ.

ಆ ಫೋನು ಎಲ್ಲಿದೆ ಎಂದು ಅಕ್ಕನನ್ನು ಕೇಳಿದೆವು. ಬಿದ್ದು ಪರದೆ ಒಡೆದು ನಾಲ್ಕು ವರ್ಷವಾಯಿತು, ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿದೆ ಎಂದು ಬರೆದರು. ರಿಪೇರಿಗೆ ಕೊಡಿ, ಆದರೆ ಒಳಗಿರುವುದನ್ನು ಅಳಿಸಬಾರದು, ಏನನ್ನೂ ಅಪ್‌ಡೇಟ್ ಮಾಡಬಾರದು ಎಂದು ದಪ್ಪ ಅಕ್ಷರದಲ್ಲಿ ತಿಳಿಸಿದೆ. ಕಡಬದ ಮೊಬೈಲ್ ಅಂಗಡಿಯವನು ಎಲ್ಲ ಅಳಿಸಿ ಹೊಸದರಂತೆ ಮಾಡಿಕೊಡುತ್ತೇನೆ ಎಂದನಂತೆ. ಅವನ ಮೇಜಿನ ಎದುರು ಎರಡು ಗಂಟೆ ನಿಂತು ಅಕ್ಕ ಪರದೆಯನ್ನು ಮಾತ್ರ ಬದಲಿಸಿಕೊಂಡು ಬಂದರು. ಬ್ಯಾಟರಿ ಊದಿಕೊಂಡಿತ್ತು. ಚಾರ್ಜರಿಗೆ ಹಾಕಿದ್ದಾಗ ಮಾತ್ರ ಫೋನು ಉಸಿರಾಡುತ್ತಿತ್ತು.

ಚಿತ್ರ ಕಳಿಸಿದರೆ ಸಾಲದು, ಚಿತ್ರವನ್ನು ತಿದ್ದಬಹುದು. ಗ್ರಾಹಕರು ಇರುವುದು ನಮ್ಮಿಂದ ಒಂದು ಬಸ್ಸಿನ ದೂರದಲ್ಲಿ, ನಮ್ಮಿಬ್ಬರ ಎದುರು ಫೋನು ತೆರೆಸಿ ವಿಡಿಯೊ ಮಾಡಲು ಅನುಮತಿ ಕೊಡಿ ಎಂದು ಟೀಮ್ ಲೀಡರ್ ಕೇಳಿದರು. ಅಂಥದ್ದು ಹಿಂದೆ ನಡೆದಿರಲಿಲ್ಲ. ನಾಲ್ಕು ದಿನ ಕಾಯಿಸಿ ಒಪ್ಪಿದರು.

ಗುರುವಾರ ಹನ್ನೊಂದು ಗಂಟೆಗೆ ಅಕ್ಕ ಬಂದರು. ನಸು ನೀಲಿ ಸೀರೆ, ಮಡಚುವ ಕೊಡೆ, ಬಟ್ಟೆಯ ಚೀಲ. ಚೀಲದೊಳಗೆ ಮುಖ ಒರೆಸುವ ಟವೆಲಿನಲ್ಲಿ ಸುತ್ತಿದ ಫೋನು. ಬಾಗಿಲಲ್ಲೇ ನಿಂತು ನಮ್ಮ ಕೋಣೆಯನ್ನು ಒಂದು ಸುತ್ತು ನೋಡಿದರು.

"ಇಲ್ಲಿಯಾ? ನಾನು ಎಲ್ಲಿಯೋ ಅಮೆರಿಕದಲ್ಲಿ ಅಂತ ಗ್ರಹಿಸಿದ್ದೆ. ಪುತ್ತೂರಿಗೆ ನಾನು ತಿಂಗಳಿಗೊಮ್ಮೆ ಬರ್ತೇನೆ."

ನೀರು ಕೊಟ್ಟೆ. ಫೋನನ್ನು ಚಾರ್ಜರಿಗೆ ಹಾಕುವ ಮೊದಲೇ ಹೇಳಿಬಿಡಬೇಕೆಂದು ಬೆಳಗ್ಗೆಯಿಂದ ತೀರ್ಮಾನಿಸಿಕೊಂಡಿದ್ದೆ. ಬರೆದ ಉತ್ತರಗಳಲ್ಲೆಲ್ಲ ನಾನು ನಮ್ಮ ಕೇಂದ್ರದಿಂದ ತಪ್ಪಾಗಿದೆ ಎಂದಿದ್ದೆ. ಈಗ, ಅವನಿಗೆ ಖಾತೆ ಕೊಟ್ಟದ್ದು ನಾನು, ಮೂರು ದಿನ ಕಾಯಿಸಬೇಕಿತ್ತು, ನಾನು ಕಾಯಿಸಲಿಲ್ಲ ಎಂದೆ.

ಅಕ್ಕ ಲೋಟ ಕೆಳಗಿಟ್ಟರು.

"ಒತ್ತುವಾಗ ನಿಮಗೆ ಸಂಶಯ ಬರ್ಲಿಲ್ವಾ?"

"ಬಂದಿತ್ತು. ಊರು ಬೇರೆ ಕಂಡಿತ್ತು. ಕನ್ನಡದಲ್ಲಿ ಚೆಂದ ಮಾಡಿ ಬರೆದಿದ್ದ, ಅದಕ್ಕೆ ಬಿಟ್ಟೆ."

"ಬಿಲ್ ಕಳಿಸುವಾಗ ನನಗೂ ಬಂದಿತ್ತು. ಇವನಿಗೆ ಇದು ಎಂತಕ್ಕೆ ಅಂತ." ಲೋಟವನ್ನು ಪಕ್ಕಕ್ಕೆ ಸರಿಸಿದರು. "ಆದ್ರೆ ನಾನು ಆಡ್ಲಿಕ್ಕೆ ಕೂತವಳು. ನಿಮಗೆ ಅದು ಕೆಲಸ. ನಾನು ಕೌಂಟರಿನಲ್ಲಿ ಗುರುತಿನ ಕಾರ್ಡು ನೋಡದೆ ಯಾರಿಗೂ ಕೀ ಕೊಡುದಿಲ್ಲ. ಕೈಮುಗಿದು ಕೇಳಿದ್ರೂ ಕೊಡುದಿಲ್ಲ."

ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಕೀ ಬಗ್ಗೆ ಅವರು ಆಡಿದ ಮಾತೇ ಇವತ್ತಿಗೂ ನನ್ನ ಕೆಲಸದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು.

ಫೋನನ್ನು ಚಾರ್ಜರಿಗೆ ಹಾಕಿದೆವು. ಟೀಮ್ ಲೀಡರ್ ವಿಡಿಯೊ ಶುರುಮಾಡಿದರು. ಫೋನು ತಯಾರಿಸಿದ ಕಂಪನಿಯ ಹೆಸರು ಬಂತು, ಬೆಳಕು ಬಂತು, ಆರಿಹೋಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿದಾಗ ಅರ್ಧಕ್ಕೆ ನಿಂತಿತು. ಇನ್ನೊಂದು ಚಾರ್ಜರ್ ತಂದು, ಅರ್ಧ ಗಂಟೆ ಮುಟ್ಟದೆ ಇಟ್ಟೆವು. ಆ ಅರ್ಧ ಗಂಟೆ ಅಕ್ಕ ಫೋನಿನ ಕಡೆ ನೋಡದೆ ಕಿಟಕಿಯಾಚೆ ರಸ್ತೆ ನೋಡುತ್ತ ಕುಳಿತಿದ್ದರು. ಮೂರನೆಯ ಸಲ ಪೂರ್ತಿ ತೆರೆದುಕೊಂಡಿತು. ಆಟದ ಚಿಹ್ನೆ ಅಲ್ಲೇ ಇತ್ತು. ಅಕ್ಕ ಅದನ್ನು ಮುಟ್ಟಿದರು. ಪರದೆಯ ತುಂಬ ಒಂದು ಚೌಕ ಎದ್ದು ಬಂದು, ಆಟ ಹಳತಾಗಿದೆ, ಮುಂದುವರಿಯಲು ಅಪ್‌ಡೇಟ್ ಮಾಡಿ ಎಂದಿತು. ಅಭ್ಯಾಸಬಲದಿಂದ ಅವರ ಹೆಬ್ಬೆರಳು ಅದರ ಮೇಲೆ ಹೋಯಿತು. ನಾನು ಅವರ ಕೈಯನ್ನೇ ಹಿಡಿದುಬಿಟ್ಟೆ. ಹೊಸ ಆವೃತ್ತಿ ಇಳಿದರೆ ಹಳೆಯ ಗುರುತು ಉಳಿಯುತ್ತದೆ ಎನ್ನುವ ಖಾತ್ರಿ ನಮಗಿರಲಿಲ್ಲ.

ಚೌಕದ ಹಿಂದೆ, ಕೆಳಗಿನ ಎಡಮೂಲೆಯಲ್ಲಿ, ಮಸುಕು ಅಕ್ಷರಗಳ ಸಾಲು ಕಾಣುತ್ತಿತ್ತು. ಟೀಮ್ ಲೀಡರ್ ಕನ್ನಡಕ ಹಣೆಗೇರಿಸಿ ಬಗ್ಗಿ ಒಂದೊಂದೇ ಅಕ್ಷರ ಓದಿದರು. ನಾನು ನನ್ನ ಪರದೆಯ ಮೇಲೆ ಬೆರಳಿಟ್ಟು ಹೋಲಿಸುತ್ತ ಹೋದೆ. ಇಪ್ಪತ್ತನಾಲ್ಕು ಅಕ್ಷರ. ಇಪ್ಪತ್ತನಾಲ್ಕೂ ಸರಿ. ಅವರು ಮುಗಿಸಿ ನನ್ನ ಮುಖ ನೋಡಿದರು, ಇನ್ನೊಮ್ಮೆ ಓದಿ ಎಂದೆ. ಓದಿದರು. ಅಷ್ಟಾದ ಮೇಲೆ ಫೋನು ಆರಿತು, ಮತ್ತೆ ಹೊತ್ತಲಿಲ್ಲ.

ಒಂದು ವಾರದಲ್ಲಿ ಅಕ್ಕನ ಖಾತೆ ತೆರೆಯಿತು. ಠಾಣೆಯಿಂದ ಹೋದ ಪತ್ರಕ್ಕೆ ಕಂಪನಿಯ ಉತ್ತರವೂ ಬಂತು. ಮಂಗಳವಾರ ಮೂರು ಹತ್ತಕ್ಕೆ ನೌಕರರ ತಪ್ಪಿನಿಂದ ಖಾತೆ ಮಾಲೀಕರಲ್ಲದವರ ಕೈಗೆ ಹೋಗಿದೆ, ಸಂದೇಶಗಳು ಹೋದದ್ದು ಮಾಲೀಕರು ಎಂದೂ ಬಳಸಿರದ ಫೋನಿನಿಂದ ಎಂದು ಅದರಲ್ಲಿತ್ತು. ಹೇಳಿಕೆ ಕೊಡಲು ನನ್ನನ್ನೂ ಠಾಣೆಗೆ ಕರೆದಿದ್ದರು. ಹೆಡ್ ಕಾನ್‌ಸ್ಟೇಬಲ್ ಪತ್ರವನ್ನು ಎರಡು ಸಲ ಓದಿ, ಇದು ಇಲ್ಲದಿದ್ದರೆ ಇವರ ಹೆಸರು ಬಿಡಿಸುವುದು ಕಷ್ಟವಿತ್ತು ಎಂದರು. ನಾನು ಸಹಿ ಹಾಕಿದೆ. ಹೊರಗೆ ಬಂದ ಮೇಲೆ ಅಕ್ಕ ಹೋಟೆಲಿನಲ್ಲಿ ಕಾಫಿ ಕುಡಿಸಿದರು, ದುಡ್ಡು ಕೊಡಲು ಬಿಡಲಿಲ್ಲ, ನನ್ನ ನಂಬರ್ ಬರೆದುಕೊಂಡರು.

ಕಳ್ಳ ಸಿಗಲಿಲ್ಲ. ಅವನ ಸಿಮ್ ಬೇರೆ ಜಿಲ್ಲೆಯ ಒಬ್ಬ ಮುದುಕರ ಹೆಸರಿನಲ್ಲಿತ್ತು. ಯಾವಾಗಲೋ ಯಾರಿಗೋ ಆಧಾರ್ ಪ್ರತಿ ಕೊಟ್ಟದ್ದು ಬಿಟ್ಟರೆ ಅವರಿಗೆ ಏನೂ ಗೊತ್ತಿರಲಿಲ್ಲ. ಹೋದ ಐದು ಖಾತೆಗಳಲ್ಲಿ ಮೂರು ಮರಳಿ ಸಿಕ್ಕವು. ಎರಡು ಕೈಯಿಂದ ಕೈಗೆ ಮಾರಾಟವಾಗಿ ಕೆಟ್ಟುಹೋಗಿದ್ದವು. ಹಾಸನದ ಹುಡುಗಿಯದು ಆ ಎರಡರಲ್ಲಿ ಒಂದು. ಅವಳ ತಂದೆಯ ಕಾರ್ಡಿನಿಂದ ಹೋದ ಹಣ ಬ್ಯಾಂಕಿನ ಮೂಲಕ ವಾಪಸ್ ಬಂತು. ಅವಳ ಖಾತೆ ಬರಲಿಲ್ಲ.

ನನಗೆ ಲಿಖಿತ ಎಚ್ಚರಿಕೆ ಕೊಟ್ಟರು. ಮೂರು ತಿಂಗಳು ಗೋಡೆಯೊಳಗೆ ಸಿಕ್ಕಿಬಿದ್ದ ಸೈನಿಕರನ್ನೇ ಬಿಡಿಸುತ್ತಿದ್ದೆ. ಕೇಂದ್ರದ ಒಪ್ಪಂದವನ್ನು ಪೂರ್ತಿ ವರ್ಷಕ್ಕಲ್ಲ, ಆರು ತಿಂಗಳಿಗೆ ಮಾತ್ರ ಮುಂದುವರಿಸಿದರು. ಅದು ನನ್ನಿಂದಲೇ ಎಂದು ಯಾರೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಕಾಯುವ ಅವಧಿ ಬಿಡುವ ಬಟನ್ ಈಗ ಯಾರೊಬ್ಬರ ಪರದೆಯಲ್ಲೂ ಇಲ್ಲ. ತುರ್ತಿದ್ದರೆ ಇಬ್ಬರು ಬೇರೆ ಬೇರೆಯಾಗಿ ಕಾರಣ ಬರೆದು ಒಪ್ಪಬೇಕು. ಇದರಿಂದ ನಿಜವಾದ ಮಾಲೀಕರೂ ಮೂರು ದಿನ ಕಾಯುತ್ತಾರೆ, ನಮಗೆ ಬೈಯುತ್ತಾರೆ. ಬೈಗುಳಗಳನ್ನು ನಾನ್ಯಾವತ್ತೂ ಸಂತೋಷದಿಂದ ಓದಿದವಳಲ್ಲ. ಆದರೆ ಅವನ್ನು ಓದುವುದೂ ಈ ಕೆಲಸದಲ್ಲಿ ಸೇರಿದೆ ಎಂದು ಗೊತ್ತಾಗಿದೆ.

ಅಕ್ಕ ಮತ್ತೆ ಕೌಂಟರಿಗೆ ಹೋದರು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಫೋನ್ ಮಾಡಿದ್ದರು. ಹಿಂದಿನ ದಿನ ಒಬ್ಬರು ಗಂಡಸು ಮಗಳ ಜೊತೆ ಬಂದು ರೂಮು ಕೇಳಿದರಂತೆ. ಪುಸ್ತಕದಲ್ಲಿ ಹೆಸರು ಬರೆಯುವಾಗಲೇ ಅಕ್ಕನಿಗೆ ತಿಳಿಯಿತು, ದೂರಿನ ಪ್ರತಿಯಲ್ಲಿ ನೋಡಿದ್ದ ಹೆಸರು. ಠಾಣೆಯಿಂದ ಅವರಿಗೂ ಲಾಡ್ಜು ಯಾವುದೆಂದು ಗೊತ್ತಿತ್ತು, ಮಗಳು ಹಟ ಹಿಡಿದು ಕರೆತಂದಿದ್ದಳು. ಅವರು ಏನನ್ನೋ ಹೇಳಲು ಬಂದವರಂತೆ ನಿಂತಿದ್ದರು. ಅಕ್ಕ ಇಬ್ಬರ ಗುರುತಿನ ಕಾರ್ಡೂ ನೋಡಿ, ಕೀ ಕೊಟ್ಟು, ಬಿಸಿನೀರು ಬೆಳಗ್ಗೆ ಐದರಿಂದ ಎಂಟರ ತನಕ ಉಂಟು ಎಂದರು. ಆ ಸ್ವರ ಕೇಳಿ ಹುಡುಗಿ ಅಲ್ಲೇ ನಿಂತು ಅಕ್ಕಾ ಎಂದಳಂತೆ. ಅವಳ ಮುಖ ಅಕ್ಕನಿಗೆ ಗೊತ್ತಿರಲಿಲ್ಲ, ಸ್ವರ ಗೊತ್ತಿತ್ತು. ತಂದೆ ಮೆಟ್ಟಿಲು ಹತ್ತಿ ಹೋದ ಮೇಲೆ ಅವರಿಬ್ಬರೂ ಕೌಂಟರಿನ ಬಳಿ ಒಂದು ಗಂಟೆ ಕುಳಿತಿದ್ದರಂತೆ.

ತಂಡ ಈಗ ಹೇಗಿದೆ ಎಂದು ಕೇಳಿದೆ. ಹತ್ತೊಂಬತ್ತು ಜನ ಇದ್ದಾರೆ, ಆದರೆ ತಾನು ಆ ತಂಡದಲ್ಲಿ ಆಡುವುದು ಕಡಿಮೆ ಎಂದರು. ಹುಡುಗಿ ಹೊಸ ಖಾತೆ ತೆರೆದು ಮೊದಲ ಹಂತದಿಂದ ಶುರುಮಾಡಿದ್ದಾಳೆ. ಮೊದಲ ಹಂತದವರ ಜೊತೆ ಆರು ವರ್ಷದ ಖಾತೆಯನ್ನು ಆಟ ಸೇರಿಸುವುದಿಲ್ಲ.

"ಅದಕ್ಕೆ ನಾನು ಕೂಡಾ ಹೊಸದೊಂದು ತೆಗೆದೆ. ನಿನ್ನೆಯಿಂದ ಇಬ್ಬರೂ ಸೋಲ್ತಾ ಇದ್ದೇವೆ."

"ಹಾಗಾದ್ರೆ ಅಷ್ಟು ಕಷ್ಟಪಟ್ಟು ತೆಗೆಸಿಕೊಂಡ ಖಾತೆ?"

"ಅದು ನನ್ನ ಹೆಸರಿಗೆ ಉಂಟಲ್ಲ. ನನಗೆ ಬೇಕಾದ್ದು ಅಷ್ಟೇ." ಆಚೆಯಿಂದ ಹಾರ್ನ್ ಕೇಳಿಸಿತು. "ಬಸ್ಸು ಬಂತು, ಇಡ್ತೇನೆ."

ಫೋನಿನಲ್ಲಿ ಒಂದು ಕ್ಷಣ ಜನರ ಗದ್ದಲ, ಅದರ ನಡುವೆ ಯಾರಿಗೋ ಆಧಾರ್ ಕಾರ್ಡ್ ಕೇಳುವ ಅವರ ಸ್ವರ. ಆಮೇಲೆ ಕಟ್ಟಾಯಿತು.